ಒಂದೇ ಗಾಯ, ಎರಡು ಬ್ಯಾಕ್ಟೀರಿಯಾ: ಕೊಲಿಸ್ಟಿನ್ ಒಂದನ್ನು ಕೊಂದು ಇನ್ನೊಂದನ್ನು ಬಿಟ್ಟಿದ್ದು ಯಾಕೆ?

ರಾಯಬಾಗ ಕಡೆಯ ರೈತರು. ವಯಸ್ಸು ಅರವತ್ತರ ಆಸುಪಾಸು. ಹತ್ತು ಹನ್ನೆರಡು ವರ್ಷದಿಂದ ಶುಗರ್ ಇದೆ. ಕಬ್ಬು ಕಡಿದ ಹೊಲದಲ್ಲಿ ಬರಿಗಾಲಲ್ಲಿ ನೀರು ಹಾಯಿಸುತ್ತಿದ್ದಾಗ ಕೂಳೆ ಬಲಗಾಲಿಗೆ ಚುಚ್ಚಿದೆ. ಅವರಿಗೆ ಗೊತ್ತೇ ಆಗಿಲ್ಲ. ಪಾದಕ್ಕೆ ನೋವು ತಿಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಸಂಜೆ ಮನೆಗೆ ಬಂದು ಕಾಲು ತೊಳೆದಾಗ ಬಚ್ಚಲ ಕಲ್ಲಿನ ಮೇಲೆ ರಕ್ತ ನೋಡಿದ್ದು ಅವರ ಹೆಂಡತಿ.

ಆಮೇಲಿನ ಕಥೆ ನಮ್ಮ ಕಡೆ ದಿನಾ ಕೇಳುವಂಥದ್ದೇ. ಒಂದು ವಾರ ಅರಿಶಿನ, ಎಣ್ಣೆ. ಇನ್ನೊಂದು ವಾರ ಊರಿನ ದವಾಖಾನೆಯ ಗುಳಿಗೆ. ಬೆರಳು ಕಪ್ಪಾದ ಮೇಲೆ ಪಟ್ಟಣದ ಒಂದು ಆಸ್ಪತ್ರೆ. ಅಲ್ಲಿ ಬೆರಳು ತೆಗೆದರು, ಎರಡು ವಾರ ಬಗೆಬಗೆಯ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಲಿಲ್ಲ. ಕೊನೆಗೆ ಬೆಳಗಾವಿಗೆ ಕರೆತಂದರು. ನಾನು ಇಲ್ಲಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಗುರುತು ಸಿಗದಂತೆ ಊರು, ವಯಸ್ಸು, ಒಂದೆರಡು ವಿವರ ಬದಲಿಸಿದ್ದೇನೆ.

ಕಾಕಾನ ಗಾಯ ಹೇಗೆ ಮಾಗಿತು ಎನ್ನುವುದಕ್ಕಿಂತ, ನಡುವೆ ಹತ್ತು ದಿನ ಅದು ಯಾಕೆ ಮಾಗಲಿಲ್ಲ ಎನ್ನುವುದನ್ನು ಹೇಳಬೇಕಾಗಿದೆ. ಆ ಹತ್ತು ದಿನದಲ್ಲಿ ನಮ್ಮ ಲ್ಯಾಬಿನದೂ ಒಂದು ತಪ್ಪಿದೆ.

ಮೊದಲ ಸ್ಯಾಂಪಲ್

ಗಾಯದಿಂದ ಬಂದ ಕೀವನ್ನು ಗಾಜಿನ ಮೇಲೆ ಸವರಿ ಗ್ರಾಂ ಬಣ್ಣ ಹಾಕಿದೆವು. ಕೀವಿನ ಕಣಗಳ ನಡುವೆ ಗುಲಾಬಿ ಬಣ್ಣದ ಕಡ್ಡಿಗಳು. ಅಂದರೆ ಗ್ರಾಂ ನೆಗೆಟಿವ್. ಮರುದಿನ ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಪ್ಲೇಟಿನ ಮೇಲೆ ದಪ್ಪ ದಪ್ಪ ಗುಲಾಬಿ ಗುಡ್ಡೆಗಳು ಎದ್ದಿದ್ದವು. ಲೂಪಿನಿಂದ ಮುಟ್ಟಿದರೆ ಹಸಿ ಪಾಕದಂತೆ ಅಂಟಿಕೊಳ್ಳುತ್ತಿದ್ದವು. ನೋಡಿದ ಕೂಡಲೇ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಅನ್ನಿಸಿತು, ಪರೀಕ್ಷೆಯಲ್ಲೂ ಅದೇ ಬಂತು.

ಔಷಧದ ಪರೀಕ್ಷೆ ಮಾತ್ರ ಬೇಸರ ತರಿಸಿತು. ಸೆಫ್ಟ್ರಿಯಾಕ್ಸೋನ್, ಪೈಪರಾಸಿಲಿನ್, ಅಮಿಕಾಸಿನ್ ಯಾವುದಕ್ಕೂ ಅದು ಬಗ್ಗಲಿಲ್ಲ. ಮೆರೊಪೆನೆಮ್ ಔಷಧ ಹೀರಿಸಿದ ಕಾಗದದ ಬಿಲ್ಲೆಯ ಅಂಚಿನವರೆಗೂ ಬೆಳೆದಿತ್ತು. ಉಳಿದದ್ದು ಕೊಲಿಸ್ಟಿನ್ ಮತ್ತು ಟೈಜಿಸೈಕ್ಲಿನ್.

ಕೊಲಿಸ್ಟಿನ್ ಪರೀಕ್ಷೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದನ್ನು ಬಿಲ್ಲೆ ಇಟ್ಟು ನೋಡುವ ಹಾಗಿಲ್ಲ. ಕೊಲಿಸ್ಟಿನ್ ಕಣ ದೊಡ್ಡದು, ಪ್ಲೇಟಿನ ಜೆಲ್ಲಿಯಾದ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಹಾಗಾಗಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿಯುವ ಬಯಲನ್ನು ನಂಬಿದರೆ ಮೋಸ ಹೋಗುತ್ತೇವೆ. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಸಾರಿನಂಥ ದ್ರವದಲ್ಲಿ, ಔಷಧವನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತಾ ಹೋಗಿ ಬ್ಯಾಕ್ಟೀರಿಯಾ ಹಾಕಬೇಕು. ಮರುದಿನ ತಟ್ಟೆಯನ್ನು ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಬೇಕು. ಬ್ಯಾಕ್ಟೀರಿಯಾ ಬೆಳೆದ ಗುಳಿಯ ತಳದಲ್ಲಿ ಪುಟ್ಟ ಗುಂಡಿಯಂಥ ಬಿಳಿ ಚುಕ್ಕೆ ಕೂತಿರುತ್ತದೆ. ಸತ್ತಲ್ಲಿ ನೀರು ತಿಳಿಯಾಗಿರುತ್ತದೆ.

ಆ ದ್ರವದಲ್ಲಿ ಕ್ಯಾಲ್ಸಿಯಮ್ ಲೀಟರಿಗೆ 20ರಿಂದ 25 ಮಿಲಿಗ್ರಾಂ, ಮೆಗ್ನೀಷಿಯಮ್ 10ರಿಂದ 12.5 ಮಿಲಿಗ್ರಾಂ ಇರಲೇಬೇಕು ಎಂದು ನಿಯಮವಿದೆ. ಜಾಸ್ತಿಯಾದರೆ ಕೊಲಿಸ್ಟಿನ್ ದುರ್ಬಲವಾಗಿ ಕಾಣುತ್ತದೆ, ಕಡಿಮೆಯಾದರೆ ಇದ್ದದ್ದಕ್ಕಿಂತ ಜೋರಾಗಿ ಕಾಣುತ್ತದೆ. ಔಷಧದ ಪರೀಕ್ಷೆಗೆ ನೀರಿನಲ್ಲಿರುವ ಮೆಗ್ನೀಷಿಯಮ್ ಯಾಕೆ ಅಡ್ಡ ಬರಬೇಕು? ನಾನು ಓದುವಾಗ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ಈ ಇಡೀ ಪ್ರಕರಣದ ಬೀಗದ ಕೈ ಅಲ್ಲೇ ಇದೆ.

ಕಾಕಾನ ಕ್ಲೆಬ್ಸಿಯೆಲ್ಲಾ ಮಿಲಿಲೀಟರಿಗೆ 0.5 ಮೈಕ್ರೋಗ್ರಾಂ ಕೊಲಿಸ್ಟಿನ್‌ನಲ್ಲೇ ನಿಂತುಹೋಯಿತು. ಡಾಕ್ಟರು ಕೊಲಿಸ್ಟಿನ್ ಜೊತೆ ಟೈಜಿಸೈಕ್ಲಿನ್ ಶುರು ಮಾಡಿದರು. ಶಸ್ತ್ರಚಿಕಿತ್ಸೆಯವರು ಸತ್ತ ಮಾಂಸ ಕೆತ್ತಿ ತೆಗೆದರು. ಮೂರನೇ ದಿನಕ್ಕೆ ಜ್ವರ ಇಳಿಯಿತು. ಕಾಕಾ ಎದ್ದು ಕೂತು ರೊಟ್ಟಿ ಕೇಳಿದರು.

ಗೌಂಡಿ ಮಗನಿಗೆ ಹೇಳಿದ್ದು

ಕಾಕಾನ ಮಗ ಗೌಂಡಿ ಕೆಲಸ ಮಾಡುತ್ತಾನೆ. ಬೆಳಗಾವಿಯಲ್ಲೇ ಎಷ್ಟೋ ಮನೆ ಕಟ್ಟಿದ್ದಾನೆ. ರಿಪೋರ್ಟ್ ಒಯ್ಯಲು ಲ್ಯಾಬಿನ ಕಿಟಕಿಗೆ ಬಂದವನು ಕೇಳಿದ: "ಅಕ್ಕಾರ, ಈ ಇಂಜೆಕ್ಷನ್ ಒಳಗ ಹೋಗಿ ಏನ ಮಾಡ್ತೈತ್ರೀ?"

ನಾನು ಅವನ ಕೆಲಸದ ಭಾಷೆಯಲ್ಲೇ ಹೇಳಲು ನೋಡಿದೆ. ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆ, ಹೊರಗೊಂದು, ಒಳಗೊಂದು. ಎರಡೂ ಕೊಬ್ಬಿನ ಕಣಗಳಿಂದ ಆದವು. ಹೊರಪೊರೆಯ ಹೊರಮೈ ಮಾತ್ರ ವಿಶೇಷ. ಅಲ್ಲಿ ಲಿಪೋಪಾಲಿಸ್ಯಾಕರೈಡ್ ಎಂಬ ದೊಡ್ಡ ಕಣಗಳು ಕಲ್ಲು ಜೋಡಿಸಿದ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಪ್ರತಿ ಕಲ್ಲಿನ ಬುಡದಲ್ಲಿ ಲಿಪಿಡ್ ಎ ಎಂಬ ಭಾಗ, ಅದರ ಮೇಲೆ ಫಾಸ್ಫೇಟ್. ಫಾಸ್ಫೇಟ್ ಅಂದರೆ ವಿದ್ಯುತ್ತಿನ ಮೈನಸ್. ಮೈನಸ್ ಪಕ್ಕ ಮೈನಸ್ ಇಟ್ಟರೆ ಒಂದನ್ನೊಂದು ತಳ್ಳುತ್ತವೆ, ಗೋಡೆ ನಿಲ್ಲುವುದಿಲ್ಲ. ಹಾಗಾದರೆ ಅದನ್ನು ಹಿಡಿದಿರುವುದು ಏನು? ಕಲ್ಲುಗಳ ಸಂದಿನಲ್ಲಿ ಕೂತ ಮೆಗ್ನೀಷಿಯಮ್ ಮತ್ತು ಕ್ಯಾಲ್ಸಿಯಮ್. ಒಂದೊಂದಕ್ಕೂ ಎರಡೆರಡು ಪ್ಲಸ್. ಈ ಕಡೆಯ ಕಲ್ಲಿಗೊಂದು, ಆ ಕಡೆಯ ಕಲ್ಲಿಗೊಂದು ಕೈ ಕೊಟ್ಟು ಹಿಡಿದಿರುತ್ತವೆ.

"ಗಚ್ಚು ಇದ್ದಂಗ," ಅಂದ ಅವನು.

ಹೌದು, ಗಚ್ಚೇ. ಕೊಲಿಸ್ಟಿನ್ ಬರುವುದು ಆ ಗಚ್ಚಿನ ಜಾಗಕ್ಕೆ.

ಕೊಲಿಸ್ಟಿನ್ ಒಂದು ಪೆಪ್ಟೈಡ್. ಪ್ರೋಟೀನಿನದೇ ಚಿಕ್ಕ ತುಂಡು ಅನ್ನಿ. ಹತ್ತು ಅಮೈನೋ ಆಮ್ಲ, ಅದರಲ್ಲಿ ಏಳು ಸೇರಿ ಒಂದು ಬಳೆ, ಉಳಿದ ಮೂರು ಬಾಲ, ಬಾಲದ ತುದಿಗೆ ಒಂದು ಕೊಬ್ಬಿನ ಎಳೆ. ಮೈಮೇಲೆ ಐದು ಪ್ಲಸ್. ಬ್ಯಾಕ್ಟೀರಿಯಾದ ಮೈನಸ್ ಗೋಡೆ ಈ ಪ್ಲಸ್ ಕಣವನ್ನು ತಾನೇ ಎಳೆದುಕೊಳ್ಳುತ್ತದೆ. ಕೊಲಿಸ್ಟಿನ್ ಸಂದಿಗೆ ನುಗ್ಗಿ ಮೆಗ್ನೀಷಿಯಮ್ಮನ್ನು ಹೊರಗೆ ದಬ್ಬಿ ತಾನು ಕೂರುತ್ತದೆ. ಮೆಗ್ನೀಷಿಯಮ್ ಸಣ್ಣದು, ಇದು ದೊಡ್ಡದು. ಸಂದು ಅಗಲವಾಗುತ್ತದೆ, ಕಲ್ಲು ಅಲ್ಲಾಡುತ್ತದೆ. ಆಗ ಬಾಲದ ಕೊಬ್ಬಿನ ಎಳೆ ಪೊರೆಯ ಕೊಬ್ಬಿನೊಳಗೆ ತೂರುತ್ತದೆ. ಕೊಬ್ಬು ಕೊಬ್ಬನ್ನು ಸೇರುತ್ತದೆ ಅಲ್ವಾ? ಹೊರಪೊರೆ ಸಡಿಲವಾದಷ್ಟೂ ಇನ್ನಷ್ಟು ಕೊಲಿಸ್ಟಿನ್ ಒಳಗೆ ಬರುತ್ತದೆ.

ಪರೀಕ್ಷೆಯ ದ್ರವದಲ್ಲಿ ಮೆಗ್ನೀಷಿಯಮ್ ಅಳೆದು ಹಾಕುವುದು ಇದಕ್ಕೇ. ಒಂದೇ ಸಂದಿಗೆ ಇಬ್ಬರೂ ಜಗಳವಾಡುತ್ತಾರೆ. ಗಚ್ಚು ಧಾರಾಳ ಸಿಕ್ಕರೆ ಗೋಡೆ ಗಟ್ಟಿಯಾಗಿಯೇ ನಿಲ್ಲುತ್ತದೆ.

ಹೊರಗೋಡೆ ಒಡೆದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಸಾವು ಒಳಪೊರೆಯಲ್ಲಿ. ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದ ಒಂದು ಪಾಲಿನಷ್ಟು, ಆದರೆ ಜೀವ ನಿಂತಿರುವುದೇ ಅದರ ಮೇಲೆ. ಅದರ ಎರಡು ಕಡೆಗಳ ನಡುವೆ ವಿದ್ಯುತ್ತಿನ ಒತ್ತಡವಿರುತ್ತದೆ, ಒಳಗೆ ಮೈನಸ್ ಜಾಸ್ತಿ. ಆ ಒತ್ತಡದಿಂದಲೇ ಬ್ಯಾಕ್ಟೀರಿಯಾ ಶಕ್ತಿ ಮಾಡಿಕೊಳ್ಳುತ್ತದೆ. ಪೊರೆಗೆ ತೂತು ಬಿದ್ದರೆ ಒಳಗಿನ ಪೊಟ್ಯಾಶಿಯಮ್ ಸೋರಿ ಹೋಗುತ್ತದೆ, ಒತ್ತಡ ಕುಸಿಯುತ್ತದೆ, ಬ್ಯಾಕ್ಟೀರಿಯಾದ ಕೆಲಸವೆಲ್ಲ ನಿಲ್ಲುತ್ತದೆ. ಬಹಳ ಕಾಲ ಒಂದು ಪ್ರಶ್ನೆ ಕಾಡುತ್ತಿತ್ತು: ಕೊಲಿಸ್ಟಿನ್ ಒಳಪೊರೆಯಲ್ಲಿ ಯಾವುದನ್ನು ಹಿಡಿಯುತ್ತದೆ? 2021ರಲ್ಲಿ ಲಂಡನ್ನಿನ ಸಂಶೋಧಕರು ಅಲ್ಲಿಯೂ ಅದೇ ಲಿಪೋಪಾಲಿಸ್ಯಾಕರೈಡ್ ಸಿಗುತ್ತದೆ ಎಂದು ತೋರಿಸಿದರು. ಈ ಕಲ್ಲುಗಳು ತಯಾರಾಗುವುದೇ ಒಳಪೊರೆಯಲ್ಲಿ, ಆಮೇಲೆ ಹೊರಗೆ ಸಾಗುತ್ತವೆ. ಸಾಗುವ ಮುಂಚೆ ಅಲ್ಲಿ ಸ್ವಲ್ಪ ಹೊತ್ತು ಇರುತ್ತವಲ್ಲ, ಕೊಲಿಸ್ಟಿನ್ ಅವುಗಳನ್ನೇ ಹಿಡಿದು ಪೊರೆ ಒಡೆಯುತ್ತದೆ.

ಮಗ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ. "ಹಂಗಾರ ನಮ್ಮ ಅಪ್ಪನ ಮೈಯ್ಯಾಗಿನ ಗ್ವಾಡಿ ಒಡೆಂಗಿಲ್ಲೇನ್ರೀ?"

ಎಂಥ ಒಳ್ಳೆಯ ಪ್ರಶ್ನೆ! ನಮ್ಮ ಜೀವಕಣದ ಪೊರೆಯ ಹೊರಮೈಯಲ್ಲಿ ಪ್ಲಸ್ಸೂ ಮೈನಸ್ಸೂ ಸರಿಸಮ ಇರುವ ಕೊಬ್ಬುಗಳೇ ಜಾಸ್ತಿ. ಲಿಪೋಪಾಲಿಸ್ಯಾಕರೈಡ್ ಇಲ್ಲವೇ ಇಲ್ಲ. ಮೇಲಾಗಿ ಕೊಲೆಸ್ಟರಾಲ್ ಇದೆ, ಅದು ಪೊರೆಯನ್ನು ಬಿಗಿ ಮಾಡುತ್ತದೆ. ಹಾಗಾಗಿ ಈ ಔಷಧಕ್ಕೆ ನಮ್ಮ ಕಣಗಳ ಮೇಲೆ ಅಷ್ಟು ಸೆಳೆತವಿಲ್ಲ. ಅಪಾಯ ಇಲ್ಲವೆಂದಲ್ಲ. ಮೂತ್ರಪಿಂಡದ ನಾಳದ ಕಣಗಳು ಕೊಲಿಸ್ಟಿನ್ ಅನ್ನು ತಾವೇ ಹೀರಿ ಕೂಡಿಡುತ್ತವೆ, ಅಲ್ಲಿ ಪೆಟ್ಟು ಬೀಳುತ್ತದೆ. 1949ರಲ್ಲಿ ಜಪಾನಿನಲ್ಲಿ ಸಿಕ್ಕ ಈ ಔಷಧವನ್ನು 1970ರ ದಶಕದಲ್ಲಿ ಡಾಕ್ಟರು ಬದಿಗಿಟ್ಟದ್ದು ಇದೇ ಕಾರಣಕ್ಕೆ. ಬೇರೆ ಔಷಧ ಕೆಲಸ ಮಾಡದ ಬ್ಯಾಕ್ಟೀರಿಯಾ ಹೆಚ್ಚಿದ ಮೇಲೆ ಗತಿಯಿಲ್ಲದೆ ಮತ್ತೆ ಕೈಗೆತ್ತಿಕೊಂಡರು. ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಕಾಕಾ ಬರುವಾಗ 1.1 ಇತ್ತು, ಐದನೇ ದಿನಕ್ಕೆ 1.7 ಆಗಿತ್ತು. ವಾರ್ಡಿನವರು ದಿನಾ ನೋಡುತ್ತಿದ್ದರು.

ಏಳನೇ ದಿನದ ವಾಸನೆ

ಏಳನೇ ದಿನ ಡ್ರೆಸಿಂಗ್ ಬಿಚ್ಚಿದಾಗ ಮತ್ತೆ ವಾಸನೆ. ಕೀವು ತೆಳ್ಳಗೆ, ಹಸಿರು ಮಿಶ್ರಿತ ಕಂದು. ಆದರೆ ಹೊಸ ಸ್ಯಾಂಪಲ್ ನಮಗೆ ಬಂದದ್ದು ಒಂಬತ್ತನೇ ದಿನ. ನಡುವಿನ ಎರಡು ದಿನ ಎಲ್ಲರೂ ಒಂದೇ ಮಾತು ಹೇಳಿಕೊಂಡಿದ್ದರು: ಕೊಲಿಸ್ಟಿನ್ ಹೋಗ್ತಾ ಇದೆ, ಅದಕ್ಕಿಂತ ಜೋರಿನದು ಇಲ್ಲ, ಕಾಯೋಣ. ಯಾರನ್ನೂ ದೂರುತ್ತಿಲ್ಲ, ನಾನು ಅಲ್ಲಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. 'ಕೊನೆಯ ಔಷಧ' ಎಂಬ ಹೆಸರೇ ನಮ್ಮ ಯೋಚನೆಯನ್ನು ನಿಲ್ಲಿಸಿಬಿಡುತ್ತದೆ.

ಹತ್ತನೇ ದಿನ ಬೆಳಿಗ್ಗೆ ಲ್ಯಾಬಿಗೆ ಕಾಲಿಟ್ಟಾಗ ನಮ್ಮ ಟೆಕ್ನಿಶಿಯನ್ ಪ್ಲೇಟ್ ಹಿಡಿದು ನಿಂತಿದ್ದಳು. "ಮೇಡಂ, ಪ್ಲೇಟ್ ಮ್ಯಾಲೆ ನೀರು ನಿಂತಂಗ ಆಗೇತಿ ನೋಡ್ರಿ."

ಬ್ಲಡ್ ಅಗರ್ ಪ್ಲೇಟಿನ ಮೇಲೆ ಬಿಡಿ ಗುಡ್ಡೆ ಒಂದೂ ಇಲ್ಲ. ಇಡೀ ಕೆಂಪು ಮೈಯನ್ನು ತೆಳುವಾದ ಬೂದು ಪದರ ಮುಚ್ಚಿತ್ತು. ಓರೆಯಾಗಿ ಬೆಳಕಿಗೆ ಹಿಡಿದರೆ ಸುತ್ತುಸುತ್ತಿನ ಗೆರೆಗಳು ಕಾಣುತ್ತಿದ್ದವು, ಹಂಚಿನ ಮೇಲೆ ದೋಸೆ ಹಿಟ್ಟು ಸೌಟಿನಿಂದ ಸುತ್ತಿದಾಗ ಉಳಿಯುವ ಗೆರೆಗಳಂತೆ. ಜೊತೆಗೆ ಆ ವಾಸನೆ. ಪ್ಲೇಟನ್ನು ಮೂಗಿನ ಹತ್ತಿರ ತರಬಾರದು, ತರಬೇಕಾಗಿಯೂ ಇರಲಿಲ್ಲ. ಮುಚ್ಚಳ ಸರಿಸಿದರೆ ಸಾಕು, ಕೊಳೆತ ಮೀನಿನ ವಾಸನೆ.

ಪ್ರೋಟಿಯಸ್ ಮಿರಾಬಿಲಿಸ್. 1885ರಲ್ಲಿ ಜರ್ಮನಿಯ ಗುಸ್ತಾವ್ ಹೌಸರ್ ಇದಕ್ಕೆ ಪ್ರೋಟಿಯಸ್ ಎಂದು ಹೆಸರಿಟ್ಟರು. ಪ್ರೋಟಿಯಸ್ ಗ್ರೀಕರ ಪುರಾಣದಲ್ಲಿ ಬೇಕಾದ ರೂಪ ತಾಳುವ ಸಮುದ್ರ ದೇವತೆ. ಗಟ್ಟಿ ಮೈ ಸಿಕ್ಕರೆ ಇದರ ಕಣಗಳು ಉದ್ದವಾಗುತ್ತವೆ, ಮೈತುಂಬ ಬಾಲ ಬೆಳೆಸಿಕೊಳ್ಳುತ್ತವೆ, ಗುಂಪಾಗಿ ಮುಂದೆ ಸಾಗುತ್ತವೆ. ಸ್ವಲ್ಪ ನಿಂತು ಹೆಚ್ಚಾಗುತ್ತವೆ, ಮತ್ತೆ ಸಾಗುತ್ತವೆ. ಒಂದೊಂದು ನಿಲುಗಡೆಗೂ ಒಂದೊಂದು ಗೆರೆ.

ಕ್ಲೆಬ್ಸಿಯೆಲ್ಲಾ ಈ ಸಲ ಒಂದೂ ಬೆಳೆಯಲಿಲ್ಲ. ಅಂದರೆ ಕೊಲಿಸ್ಟಿನ್ ತನ್ನ ಕೆಲಸ ಮಾಡಿತ್ತು.

ಮರುದಿನ ವಾರ್ಡಿನ ಪಿಜಿ ಡಾಕ್ಟರು ಕೆಳಗೆ ಬಂದರು. ಹೊಸ ತಟ್ಟೆ ತೋರಿಸಿದೆ. ಪ್ರೋಟಿಯಸ್ ಹಾಕಿದ ಸಾಲಿನಲ್ಲಿ ಮೊದಲ ಗುಳಿಯಿಂದ ಕೊನೆಯ ಗುಳಿಯವರೆಗೆ ಬಿಳಿ ಗುಂಡಿಗಳು. ಔಷಧ ಎಷ್ಟಿದ್ದರೂ ಅಷ್ಟೇ. ಪಕ್ಕದ ಸಾಲಿನಲ್ಲಿ ಕಾಕಾನ ಹಳೆಯ ಕ್ಲೆಬ್ಸಿಯೆಲ್ಲಾ, 0.5ರಿಂದ ಮೇಲೆ ನೀರಿನಂತೆ ತಿಳಿ. ಡಾಕ್ಟರ ಮುಖ ಬಾಡಿತು. "ಮೇಡಂ, ಕೊಲಿಸ್ಟಿನ್‌ಗೂ ರೆಸಿಸ್ಟೆಂಟ್ ಅಂದ್ರೆ ಇನ್ನೇನೂ ಉಳೀಲಿಲ್ಲ ಅಲ್ವಾ? ಎಂಸಿಆರ್ ಜೀನ್ ಇರಬಹುದಾ?"

ಅವರ ಹೆದರಿಕೆಗೆ ಕಾರಣವಿತ್ತು. 2015ರ ನವೆಂಬರಿನಲ್ಲಿ ಚೀನಾದಿಂದ ಬಂದ ವರದಿ ಎಲ್ಲರ ನಿದ್ದೆ ಕೆಡಿಸಿತ್ತು. ಎಂಸಿಆರ್-1 ಎಂಬ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ, ದಾಟಿದಲ್ಲೆಲ್ಲ ಕೊಲಿಸ್ಟಿನ್ ಕೆಲಸ ಕೆಡಿಸುತ್ತದೆ. ಕೋಳಿ, ಹಂದಿಗಳಿಗೆ ಬೇಗ ಬೆಳೆಯಲಿ ಎಂದು ಈ ಔಷಧ ತಿನ್ನಿಸಿದ್ದೂ ಅದು ಹರಡಲು ಒಂದು ಕಾರಣ. ನಮ್ಮ ದೇಶ 2019ರ ಜುಲೈನಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ, ಇನ್ನೂ ಮುಂಚೆ ಆಗಬೇಕಿತ್ತು.

ಆದರೆ ಕಾಕಾನ ಗಾಯದಲ್ಲಿ ಇದ್ದದ್ದು ಹೊಸದಾಗಿ ಕಲಿತ ರೆಸಿಸ್ಟೆನ್ಸ್ ಅಲ್ಲ. ಪ್ರೋಟಿಯಸ್ ಹುಟ್ಟಿದ್ದೇ ಹೀಗೆ. ಕೊಲಿಸ್ಟಿನ್ ಅದರ ಮೇಲೆ ಯಾವತ್ತೂ ಕೆಲಸ ಮಾಡಿಲ್ಲ. ಪ್ರಾವಿಡೆನ್ಸಿಯಾ, ಮಾರ್ಗನೆಲ್ಲಾ, ಸೆರೇಶಿಯಾ ಎಂಬ ಬ್ಯಾಕ್ಟೀರಿಯಾಗಳೂ ಹಾಗೇ.

ಗೋಡೆಗೆ ಮೊದಲೇ ಗಿಲಾವು

ಎರಡೂ ಗ್ರಾಂ ನೆಗೆಟಿವ್. ಎರಡಕ್ಕೂ ಹೊರಪೊರೆ, ಒಳಪೊರೆ, ಅದೇ ಲಿಪಿಡ್ ಎ. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ಲಿಪಿಡ್ ಎ ಮೇಲಿನ ಫಾಸ್ಫೇಟಿನಲ್ಲಿ. ಪ್ರೋಟಿಯಸ್ ತನ್ನ ಗೋಡೆ ಕಟ್ಟುವಾಗಲೇ ಆ ಫಾಸ್ಫೇಟಿಗೆ ಅರಬಿನೋಸ್ ಜಾತಿಯ ಒಂದು ಸಕ್ಕರೆ ಅಂಟಿಸುತ್ತದೆ. ಆ ಸಕ್ಕರೆಯ ಮೇಲೆ ಒಂದು ಪ್ಲಸ್ ಇದೆ. ಪ್ಲಸ್ ಬಂದು ಮೈನಸ್ಸನ್ನು ಮುಚ್ಚಿತು. ಈಗ ಐದು ಪ್ಲಸ್ ಹೊತ್ತ ಕೊಲಿಸ್ಟಿನ್ ಬಂದರೆ ಅದನ್ನು ಎಳೆಯುವವರೇ ಇಲ್ಲ. ಸಂದಿಗೆ ಇಳಿಯಲು ಆಗುವುದಿಲ್ಲ, ಬಾಲ ತೂರುವ ಮಾತು ದೂರವೇ ಉಳಿಯಿತು. ಮಗನಿಗೆ ಹೇಳಿದಾಗ ಅವನು ತಟ್ಟನೆ ಅಂದದ್ದು: "ಇದು ಗಿಲಾವು ಮಾಡಿದ ಗ್ವಾಡಿ ಅನ್ರಿ."

ಕ್ಲೆಬ್ಸಿಯೆಲ್ಲಾ ಸಹ ಈ ಕೆಲಸ ಕಲಿಯಬಲ್ಲದು. ಅದರಲ್ಲಿ ಈ ಸಕ್ಕರೆ ಅಂಟಿಸುವ ಸಾಮಾನು ಇದ್ದೇ ಇರುತ್ತದೆ, ಆದರೆ ಎಂಜಿಆರ್‌ಬಿ ಎಂಬ ಜೀನ್ ಅದನ್ನು ಹಿಡಿದಿಟ್ಟಿರುತ್ತದೆ. ಆ ಜೀನ್ ಕೆಟ್ಟರೆ ಲಗಾಮು ತಪ್ಪುತ್ತದೆ. ಎಂಸಿಆರ್ ಬಂದರೆ ಸಕ್ಕರೆಯ ಬದಲು ಫಾಸ್ಫೋಎಥನಾಲಮೈನ್ ಎಂಬ ಇನ್ನೊಂದು ಪ್ಲಸ್ ಕಣ ಅಂಟುತ್ತದೆ. ದಾರಿ ಬೇರೆ ಬೇರೆ, ಮಾಡುವುದು ಒಂದೇ: ಗೋಡೆಯ ಮೈನಸ್ ಕಡಿಮೆ ಮಾಡುವುದು. ಕಾಕಾನ ಕ್ಲೆಬ್ಸಿಯೆಲ್ಲಾ ಇದನ್ನಿನ್ನೂ ಕಲಿತಿರಲಿಲ್ಲ, ಅದಕ್ಕೇ ಸತ್ತಿತು.

ಇನ್ನು ಟೈಜಿಸೈಕ್ಲಿನ್. ಪ್ರೋಟಿಯಸ್ ಅದನ್ನೂ ಒಳಗೆ ಬಂದಷ್ಟು ಪಂಪ್ ಮಾಡಿ ಹೊರಗೆ ಹಾಕುತ್ತದೆ. ಇದೂ ಹುಟ್ಟುಗುಣವೇ. ಕ್ಲೆಬ್ಸಿಯೆಲ್ಲಾವನ್ನು ನೋಡಿ ಆರಿಸಿದ ಎರಡು ಔಷಧ, ಎರಡೂ ಪ್ರೋಟಿಯಸ್ಸಿಗೆ ಲೆಕ್ಕಕ್ಕಿಲ್ಲ. ನಾವು ಹತ್ತು ದಿನ ಕ್ಲೆಬ್ಸಿಯೆಲ್ಲಾ ಎಂಬ ಬೆಳೆ ಕಿತ್ತು ಪ್ರೋಟಿಯಸ್ಸಿಗೆ ಹೊಲ ಹದ ಮಾಡಿಕೊಟ್ಟಿದ್ದೆವು.

ನಮ್ಮ ತಪ್ಪು

ಪ್ರೋಟಿಯಸ್ ಹತ್ತನೇ ದಿನ ಹೊರಗಿನಿಂದ ಬಂದಿತಾ, ಮೊದಲೇ ಇತ್ತಾ? ನಾವು ಹಳೆಯ ಪ್ಲೇಟುಗಳನ್ನು ಫ್ರಿಜ್ಜಿನಲ್ಲಿ ಕೆಲವು ದಿನ ಇಟ್ಟಿರುತ್ತೇವೆ. ಕಾಕಾನ ಮೊದಲ ಪ್ಲೇಟು ಸಿಕ್ಕಿತು. ಮ್ಯಾಕಾಂಕಿಯ ಗುಲಾಬಿ ಗುಡ್ಡೆಗಳ ನಡುವೆ, ಒಂದು ಮೂಲೆಯಲ್ಲಿ, ನಾಲ್ಕು ಬಣ್ಣವಿಲ್ಲದ ಗುಡ್ಡೆಗಳು. ಪ್ರೋಟಿಯಸ್ ಮ್ಯಾಕಾಂಕಿಯ ಮೇಲೆ ಹರಡುವುದಿಲ್ಲ, ಅದರಲ್ಲಿರುವ ಪಿತ್ತದ ಲವಣ ತಡೆಯುತ್ತದೆ. ಬಣ್ಣವಿಲ್ಲದೆ ಸುಮ್ಮನೆ ಕೂತಿರುತ್ತದೆ. ಬ್ಲಡ್ ಅಗರ್‌ನ ಅಂಚಿನಲ್ಲಿ ತೆಳುವಾದ ಹೊಳಪು. ಅವತ್ತು ಅದನ್ನು ನಾನೇ ನೋಡಿದ್ದೆ, ಪ್ಲೇಟಿನ ತೇವ ಅಂದುಕೊಂಡು ಬಿಟ್ಟಿದ್ದೆ. ಜಾಸ್ತಿ ಬೆಳೆದದ್ದನ್ನು ಮಾತ್ರ ರಿಪೋರ್ಟಿನಲ್ಲಿ ಬರೆದೆವು.

ಗಾಯದ ಸ್ಯಾಂಪಲ್‌ನಲ್ಲಿ ಚರ್ಮದ ಮೇಲಿನ ಎಷ್ಟೋ ಬ್ಯಾಕ್ಟೀರಿಯಾ ಬರುತ್ತವೆ, ಎಲ್ಲವನ್ನೂ ಬರೆದರೆ ಡಾಕ್ಟರು ಬೇಡದ ಔಷಧ ಕೊಡುತ್ತಾರೆ ಎಂಬುದೂ ನಿಜ. ಹಾಗಾಗಿ ಎಲ್ಲ ಬಣ್ಣವಿಲ್ಲದ ಗುಡ್ಡೆಯನ್ನೂ ಬರೆಯಬೇಕು ಅನ್ನುವುದಿಲ್ಲ. ಆದರೆ ಕೊಲಿಸ್ಟಿನ್ ಶುರುವಾಗುತ್ತದೆ ಎಂದು ಗೊತ್ತಾದ ಆ ದಿನವೇ ಎದ್ದು ಹೋಗಿ ಪ್ಲೇಟನ್ನು ಮತ್ತೊಮ್ಮೆ ನೋಡಬೇಕಿತ್ತು. ಈ ಔಷಧ ಯಾರನ್ನು ಬಿಡುತ್ತದೆ ಎಂದು ಮೊದಲೇ ಗೊತ್ತಿದೆಯಲ್ಲ.

ಮೈಯೊಳಗಿನ ಪೆಪ್ಟೈಡುಗಳು

ಇದೇ ಪ್ಲಸ್ ಮೈನಸ್ಸಿನ ಆಟವನ್ನು ನಮ್ಮ ದೇಹವೂ ಆಡುತ್ತದೆ. ನಮ್ಮ ಚರ್ಮ, ಬಿಳಿ ರಕ್ತಕಣಗಳು ಎಲ್‌ಎಲ್-37 ಎಂಬ ಪೆಪ್ಟೈಡ್ ಮಾಡುತ್ತವೆ. ಹೆಸರೇ ಹೇಳುವಂತೆ 37 ಅಮೈನೋ ಆಮ್ಲ. ಇದು ಕೊಲಿಸ್ಟಿನ್ ಹಾಗೆ ಬಳೆಯಲ್ಲ, ಪೊರೆಯ ಹತ್ತಿರ ಬಂದಾಗ ಸುರುಳಿಯಾಗುತ್ತದೆ. ಸುರುಳಿಯ ಒಂದು ಮಗ್ಗುಲು ಪ್ಲಸ್, ಇನ್ನೊಂದು ಮಗ್ಗುಲು ಎಣ್ಣೆಗುಣದ್ದು. ಪ್ಲಸ್ ಮಗ್ಗುಲು ಪೊರೆಯ ಮೈನಸ್ಸಿಗೆ ಅಂಟುತ್ತದೆ, ಎಣ್ಣೆಯ ಮಗ್ಗುಲು ಕೊಬ್ಬಿಗೆ ಇಳಿಯುತ್ತದೆ.

ಇಂಥ ಪೆಪ್ಟೈಡುಗಳು ಪೊರೆ ಒಡೆಯುವ ರೀತಿ ಒಂದೇ ಅಲ್ಲ. ಕೆಲವು ಪೀಪಾಯಿಯ ಹಲಗೆಗಳಂತೆ ನೆಟ್ಟಗೆ ನಿಂತು ನಡುವೆ ಕೊಳವೆ ಮಾಡುತ್ತವೆ. ಕೆಲವು ಪೊರೆಯ ಕೊಬ್ಬನ್ನೇ ಒಳಕ್ಕೆ ಬಗ್ಗಿಸಿ, ಕೊಬ್ಬೂ ಪೆಪ್ಟೈಡೂ ಸೇರಿ ತೂತಿನ ಅಂಚಾಗುತ್ತವೆ. ಕೆಲವು ಪೊರೆಯ ಮೇಲೆ ಚಾಪೆಯಂತೆ ಹಾಸಿಕೊಂಡು, ಸಾಕಷ್ಟು ಜನ ಸೇರಿದ ಮೇಲೆ ಸೋಪು ಜಿಡ್ಡು ಬಿಡಿಸಿದಂತೆ ಚೂರುಚೂರು ಮಾಡುತ್ತವೆ. ಎಲ್ಲದರಲ್ಲೂ ಒಂದು ಮಾತು ಸಮ: ಒಂದಿಷ್ಟು ಕಣ ಬಂದರೆ ಏನೂ ಆಗುವುದಿಲ್ಲ, ಗುಂಪು ಕೂಡಬೇಕು. ಜೇನುಹುಳುವಿನ ವಿಷದಲ್ಲಿರುವ ಮೆಲಿಟಿನ್ ಕೂಡ ಇಂಥದ್ದೇ 26 ಅಮೈನೋ ಆಮ್ಲದ ಪೆಪ್ಟೈಡ್. ಆದರೆ ಅದಕ್ಕೆ ನಮ್ಮ ಪೊರೆ, ಬ್ಯಾಕ್ಟೀರಿಯಾದ ಪೊರೆ ಎಂಬ ಭೇದವಿಲ್ಲ, ನಮ್ಮ ರಕ್ತಕಣವನ್ನೂ ಒಡೆಯುತ್ತದೆ.

ಕಾಕಾನ ಗಾಯಕ್ಕೆ ಇದು ಹೇಗೆ ಸೇರುತ್ತದೆ? ಬಹಳ ದಿನ ಮಾಗದ ಹುಣ್ಣುಗಳ ಅಂಚಿನ ಚರ್ಮದಲ್ಲಿ ಎಲ್‌ಎಲ್-37 ತೀರಾ ಕಡಿಮೆ ಇರುವುದು ಕಂಡುಬಂದಿದೆ. ಮೇಲಾಗಿ ಪ್ರೋಟಿಯಸ್ ಹತ್ತಿರ ಜಾಪ್‌ಎ ಎಂಬ ಕಿಣ್ವವಿದೆ. ಅದು ಎಲ್‌ಎಲ್-37 ಅನ್ನು ಕತ್ತರಿಸಿ ಹಾಕುವುದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಡಾಕ್ಟರು ಕೊಟ್ಟ ಪೆಪ್ಟೈಡ್ ಅಂಟುವುದಿಲ್ಲ, ದೇಹ ಮಾಡಿದ ಪೆಪ್ಟೈಡ್ ಉಳಿಯುವುದಿಲ್ಲ. ಈ ಬ್ಯಾಕ್ಟೀರಿಯಾ ಆ ಪಾದದಲ್ಲಿ ಅಷ್ಟು ನಿರಾಳವಾಗಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಶುಗರ್ ಕಾಲಿನ ಹುಣ್ಣಿಗೆ ಪೆಪ್ಟೈಡ್ ಮುಲಾಮು ಮಾಡುವ ಪ್ರಯತ್ನವೂ ನಡೆದಿದೆ. ಅಮೆರಿಕದ ಮೈಕೆಲ್ ಝಾಸ್ಲಾಫ್ ಆಫ್ರಿಕಾದ ಒಂದು ಜಾತಿಯ ಕಪ್ಪೆಗಳಿಗೆ ಹೊಲಿಗೆ ಹಾಕಿ ಕೊಳೆ ನೀರಿನ ತೊಟ್ಟಿಗೆ ಬಿಡುತ್ತಿದ್ದರು. ಗಾಯ ಕೀವಾಗುತ್ತಲೇ ಇರಲಿಲ್ಲ. ಹುಡುಕುತ್ತಾ ಹೋಗಿ 1987ರಲ್ಲಿ ಕಪ್ಪೆಯ ಚರ್ಮದಿಂದ 23 ಅಮೈನೋ ಆಮ್ಲದ ಮೆಗೈನಿನ್ ತೆಗೆದರು. ಅದನ್ನು ತಿದ್ದಿ ಮಾಡಿದ ಪೆಕ್ಸಿಗನಾನ್ ಮುಲಾಮನ್ನು ಶುಗರ್ ರೋಗಿಗಳ ಪಾದದ ಹುಣ್ಣಿಗೇ ಪರೀಕ್ಷಿಸಿದರು. 1999ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಡಲಿಲ್ಲ. ಮತ್ತೆ ದೊಡ್ಡ ಪರೀಕ್ಷೆ ಮಾಡಿದರು, 2016ರಲ್ಲಿ ಅದೂ ಸೋತಿತು. ಲ್ಯಾಬಿನ ತಟ್ಟೆಯಲ್ಲಿ ಗೆಲ್ಲುವುದು ಬೇರೆ. ಗಾಯದಲ್ಲಿ ಕೀವಿದೆ, ಸತ್ತ ಜೀವಕಣಗಳ ಡಿಎನ್ಎ ಇದೆ. ಅದರಲ್ಲಿ ಬಹಳಷ್ಟು ಮೈನಸ್ಸೇ. ಪ್ಲಸ್ ಪೆಪ್ಟೈಡ್ ಬ್ಯಾಕ್ಟೀರಿಯಾ ಮುಟ್ಟುವ ಮುಂಚೆಯೇ ಅದಕ್ಕೆಲ್ಲ ಅಂಟಿಕೊಂಡುಬಿಡಬಹುದು. ಸತ್ತ ಮಾಂಸವನ್ನು ಕೆತ್ತಿ ತೊಳೆಯುವ ಶಸ್ತ್ರಚಿಕಿತ್ಸೆಯವರ ಕೈ ಇಂಥ ಗಾಯದಲ್ಲಿ ಯಾವ ಔಷಧಕ್ಕಿಂತಲೂ ಮುಖ್ಯ ಎಂದು ನಾನು ನಂಬುವುದು ಅದಕ್ಕೇ.

ಆಮೇಲೆ

ಪ್ರೋಟಿಯಸ್ಸಿನ ಉಳಿದ ಪರೀಕ್ಷೆ ಬಂದಾಗ ಪಿಜಿ ಡಾಕ್ಟರಿಗೆ ನಂಬಿಕೆಯೇ ಬರಲಿಲ್ಲ. ಸೆಫ್ಟ್ರಿಯಾಕ್ಸೋನ್ ಬಿಲ್ಲೆಯ ಸುತ್ತ ದೊಡ್ಡ ಬಯಲು. ಪೈಪರಾಸಿಲಿನ್, ಅಮಿಕಾಸಿನ್‌ಗೂ ಹಾಗೇ. ಯಾವ ತಾಲೂಕು ಆಸ್ಪತ್ರೆಯಲ್ಲೂ ಸಿಗುವ ಇಂಜೆಕ್ಷನ್ನು ಸಾಕಿತ್ತು. ಅವತ್ತೇ ಸಂಜೆ ಕೊಲಿಸ್ಟಿನ್, ಟೈಜಿಸೈಕ್ಲಿನ್ ಎರಡೂ ನಿಲ್ಲಿಸಿ ಸೆಫ್ಟ್ರಿಯಾಕ್ಸೋನ್ ಹಾಕಿದರು, ಇನ್ನೊಮ್ಮೆ ಗಾಯ ಕೆತ್ತಿದರು. ಕಾಕಾನ ಕ್ರಿಯಾಟಿನಿನ್ ಅಷ್ಟರಲ್ಲಿ 2.4ಕ್ಕೆ ಏರಿತ್ತು. ಕೊಲಿಸ್ಟಿನ್ ನಿಂತ ಮೇಲೆ ನಿಧಾನಕ್ಕೆ ಇಳಿದು ಮನೆಗೆ ಹೋಗುವಾಗ 1.4 ಇತ್ತು. ಪಾದ ಉಳಿಯಿತು. ಮತ್ತೊಂದು ಬೆರಳು ಉಳಿಯಲಿಲ್ಲ.

ಕಾಕಾನ ಮಗ ಕೊನೆಯ ರಿಪೋರ್ಟ್ ಒಯ್ಯುವಾಗ ಕೇಳಿದ: "ಅಲ್ರೀ ಅಕ್ಕಾರ, ದೊಡ್ಡ ಇಂಜೆಕ್ಷನ್‌ಗೆ ಆಗದ್ದು ಸಣ್ಣದಕ್ಕ ಹೆಂಗ ಆತ್ರೀ?" ಸೆಫ್ಟ್ರಿಯಾಕ್ಸೋನ್ ಗಚ್ಚಿನ ಸಂದಿಗೆ ಬರುವುದಿಲ್ಲ, ಹೊರಗೋಡೆಯಲ್ಲಿರುವ ಸಣ್ಣ ಕಿಂಡಿಗಳಿಂದ ಒಳಗೆ ಹೋಗುತ್ತದೆ, ಎರಡು ಪೊರೆಗಳ ನಡುವಿನ ಬಲೆಯನ್ನು ಕಟ್ಟಲು ಬಿಡುವುದಿಲ್ಲ ಎಂದೆ. ಅದಕ್ಕೆ ಗಿಲಾವು ಅಡ್ಡ ಬರುವುದಿಲ್ಲ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಕಿಡಕ್ಯಾಗಿಂದ ಹೋದಂಗ," ಅಂದು ನಕ್ಕ.

ಈಗ ನಮ್ಮ ಲ್ಯಾಬಿನಲ್ಲಿ ಎರಡು ಬದಲಾವಣೆ ಆಗಿದೆ. ಪ್ರೋಟಿಯಸ್ ಬೆಳೆದರೆ ಕೊಲಿಸ್ಟಿನ್ ಮುಂದೆ ರೆಸಿಸ್ಟೆಂಟ್ ಎನ್ನಲು ಬರೀ 'ಆರ್' ಅಕ್ಷರ ಹಾಕುವುದಿಲ್ಲ. 'ಈ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದಲೇ ಕೊಲಿಸ್ಟಿನ್ ತಾಗುವುದಿಲ್ಲ' ಎಂದು ಪೂರ್ತಿ ವಾಕ್ಯ ಬರೆಯುತ್ತೇವೆ. ಕೊಲಿಸ್ಟಿನ್ ಶುರುವಾದ ಯಾವುದೇ ಗಾಯದ ಹಳೆಯ ಪ್ಲೇಟನ್ನು ಅವತ್ತೇ ಮತ್ತೆ ತೆಗೆದು ಬಣ್ಣವಿಲ್ಲದ ಗುಡ್ಡೆ ಹುಡುಕುತ್ತೇವೆ.

ಕಾಕಾನ ಎರಡೂ ಬ್ಯಾಕ್ಟೀರಿಯಾಗಳನ್ನು ಗ್ಲಿಸರಾಲ್‌ನಲ್ಲಿ ಹಾಕಿ ಫ್ರೀಜರಿನಲ್ಲಿಟ್ಟಿದ್ದೇನೆ. ಹೊಸ ವಿದ್ಯಾರ್ಥಿಗಳು ಬಂದಾಗ ತೆಗೆದು ಬೆಳೆಸಿ, ಒಂದೇ ತಟ್ಟೆಯ ಎರಡು ಸಾಲಿಗೆ ಹಾಕಲು ಹೇಳುತ್ತೇನೆ. ಮರುದಿನ ಅವರು ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾರೆ. ಒಂದು ಸಾಲು ತಿಳಿನೀರು, ಇನ್ನೊಂದು ಸಾಲಿನ ತುಂಬ ಬಿಳಿ ಗುಂಡಿಗಳು. "ಔಷಧ ಹಾಕೋದು ಮರೆತ್ವಾ ಮೇಡಂ?" ಎಂದು ಒಬ್ಬರಾದರೂ ಕೇಳುತ್ತಾರೆ. ಮರೆತಿಲ್ಲ, ಎರಡೂ ಸಾಲಿಗೆ ಒಂದೇ ಬಾಟಲಿಯ ಕೊಲಿಸ್ಟಿನ್ ಎನ್ನುತ್ತೇನೆ. ಆಮೇಲೆ ಬೋರ್ಡಿನ ಮೇಲೆ ಎರಡು ಗೋಡೆ ಬರೆಯುತ್ತೇನೆ.